ಏಳು ಚೀಲ ಉಸುಕು

ಲಾಲ ಅಹ್ಮದ ಮಿಸ್ತ್ರಿ ಬೆಳಗಿನಿಂದ ಮೂರನೆಯ ಸಲ ಜೀಪಿನ ಕೆಳಗೆ ನುಸುಳಿದ, ಮೂರನೆಯ ಸಲವೂ ಏನೂ ಮಾಡದೆ ಹೊರಗೆ ಬಂದ. ಬೀದರಿನ ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಅವನ ಕಾರಖಾನೆ. ಕಾರಖಾನೆ ಎಂಬುದು ಹೆಸರಿಗೆ. ಇದ್ದದ್ದು ತಗಡಿನ ಮಾಡು, ಒಂದು ತಿದಿ, ಒಂದು ಅಡಿಗಲ್ಲು. ಗಾಡಿಯ ಸದ್ದು ಕೇಳಿಯೇ ಅದರ ರೋಗ ಹೇಳುತ್ತೇನೆ ಎಂದು ಊರೆಲ್ಲ ಜಂಬ ಕೊಚ್ಚುತ್ತಿದ್ದ ಆಸಾಮಿ ಅವತ್ತು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಅತ್ತಿಂದಿತ್ತ ತಿರುಗುತ್ತಿದ್ದ. ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಹೈದರಾಬಾದ್ ಸಂಸ್ಥಾನದ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವಾರವಾಗಿತ್ತು. ನಿಜಾಮನ ಫೌಜು ಶರಣಾಗಿತ್ತು, ಅವನ ಪರ ಹೊಡೆದಾಡಿದ ರಜಾಕಾರರು ದಿಕ್ಕಾಪಾಲಾಗಿದ್ದರು. ಆದರೆ ರಜಾಕಾರರು ಮಾಡಿದ ಅನ್ಯಾಯಕ್ಕೆ ಹಳ್ಳಿಗಳಲ್ಲಿ ಸೇಡು ತೀರಿಸಿಕೊಳ್ಳುವುದು ಇನ್ನೂ ನಿಂತಿರಲಿಲ್ಲ, ಮತ್ತು ಆ ಸೇಡು ಅನ್ಯಾಯ ಮಾಡಿದವನ ಮನೆಯನ್ನೇ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಔರಾದ ಕಡೆ, ಸಂತಪುರದಾಚೆಯ ಒಂದು ಸಣ್ಣ ಹಳ್ಳಿಯಲ್ಲಿ ಲಾಲ ಅಹ್ಮದನ ತಂಗಿ ಜೈನಬಿ ಇದ್ದಳು. ಅವಳ ಗಂಡ ನಜಮೋದ್ದೀನ ಗಾದಿ ಹೊಲಿಯುವವ, ಯಾರ ಗೊಡವೆಗೂ ಹೋಗದವ. ಅವನ ಮುದಿ ತಾಯಿ, ನಾಲ್ಕು ಮಕ್ಕಳು. ಎಲ್ಲ ಸೇರಿ ಏಳು ಜನ. ಅವರ ಸುದ್ದಿಯೇ ಇರಲಿಲ್ಲ.

ತಾನೇ ಹೋಗುವ ಹಾಗಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಗುಂಪು ಕಟ್ಟಿಕೊಂಡು ನಿಂತವರು ಗಾಡಿ ತಡೆದು ಹೆಸರು ಕೇಳುತ್ತಿದ್ದರು. ಹೋಗಲು ಒಪ್ಪಿದವನು ಧೊಂಡಿಬಾ. ಭಾಲ್ಕಿಯವನು, ಗುತ್ತೇದಾರರೊಬ್ಬರ ಜೀಪಿನ ಡ್ರೈವರ್. ಧಣಿ ಹೈದರಾಬಾದಿನಲ್ಲೇ ಉಳಿದದ್ದರಿಂದ ಜೀಪು ಅವನ ಕೈಯಲ್ಲಿತ್ತು. ಇದೇ ಧೊಂಡಿಬಾನ ಬಣವೆಗೆ ರಜಾಕಾರರು ಬೆಂಕಿ ಹಚ್ಚಿದ್ದರು, ಅವನ ಅಣ್ಣನ ಕೈ ಮುರಿದಿದ್ದರು. ಎಲ್ಲಿ ಆ ಮಾತು ಎತ್ತುತ್ತಾನೋ ಎಂದು ಲಾಲ ಅಹ್ಮದ ಒಳಗೊಳಗೇ ಹೆದರಿದ್ದ. ಅವನು ಎತ್ತಲಿಲ್ಲ. ರಸ್ತೆ ಬಿಟ್ಟು ಹೊಲದ ದಾರಿಯಲ್ಲೇ ಹೋಗಿ ಬರುತ್ತೇನೆ, ಅದಕ್ಕೆ ತಕ್ಕ ಹಾಗೆ ಗಾಡಿ ಮಾಡಿಕೊಡಿ ಎಂದಷ್ಟೇ ಹೇಳಿದ್ದ.

ಮಳೆ ನಿಂತಿತ್ತು, ಮಾಂಜ್ರಾ ಹೊಳೆ ಇಳಿದಿತ್ತು. ಆದರೆ ಎರೆಭೂಮಿಯ ಕೆಸರು ಒಣಗಿರಲಿಲ್ಲ. ಜೀಪಿನ ಸಣ್ಣ ಟಯರು ಅದರಲ್ಲಿ ಹೂತರೆ ಎತ್ತು ಕಟ್ಟಿ ಎಳೆಯಬೇಕು. ಎತ್ತು ಕೇಳಲು ಯಾವುದೋ ಹಳ್ಳಿಗೆ ಹೋಗುವ ಕಾಲ ಅದಲ್ಲ. ಧಣಿ ಹರಾಜಿನಲ್ಲಿ ಹಿಡಿದಿದ್ದ ಮಿಲಿಟರಿ ಗಾಡಿಯ ದೊಡ್ಡ ಟಯರುಗಳು ಕಾರಖಾನೆಯ ಹಿಂದೆ ಬಿದ್ದಿದ್ದವು. ಅವು ಜೀಪಿನ ಚಕ್ರಕ್ಕೆ ಚೆನ್ನಾಗಿಯೇ ಕೂತವು, ಆದರೆ ಸ್ಟಿಯರಿಂಗ್ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜುತ್ತಿದ್ದವು. ಗಾಡಿಯ ಮೈ ಮೇಲೇಳಬೇಕು. ಅದಕ್ಕೆ ಪಾಟಾ, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳನ್ನು, ನಾಲ್ಕೂ ಚಕ್ರಗಳ ಕಡೆ ಹೆಚ್ಚಿಸಬೇಕು. ಎಷ್ಟು ಹೆಚ್ಚಿಸಬೇಕು ಎಂಬಲ್ಲಿಗೆ ಬಂದು ಕೆಲಸ ನಿಂತಿತ್ತು.

"ಬರೋ ಮುಂದ ಎಷ್ಟ ಮಂದಿ ಇರ್ತಾರ, ಅದನ್ನ ಹೇಳ್ರಿ ಲಾಲಭಾಯಿ," ಎಂದ ಧೊಂಡಿಬಾ. "ಎತ್ತರ ಅದರ ಮ್ಯಾಲ ಅದ."

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ಲಾಲ ಅಹ್ಮದನಿಗೆ ಸಿಟ್ಟು ನೆತ್ತಿಗೇರಿತು. ಏಳು ಜನ ಹತ್ತಿದರೆ ಗಾಡಿ ಕುಸಿಯುತ್ತದೆ. ಮೂರು ಪಟ್ಟಿ ಹೆಚ್ಚಿಗೆ ಹಾಕದಿದ್ದರೆ ದಾರಿಯುದ್ದಕ್ಕೂ ಟಯರು ಉಜ್ಜಿ ಹರಿದೇಹೋಗುತ್ತದೆ. ಇಬ್ಬರೋ ಮೂವರೋ ಆದರೆ ಒಂದು ಪಟ್ಟಿ ಸಾಕು. ಮೂರು ಹಾಕಿದರೆ, ಹೋಗುವಾಗ ನಿಧಾನವಾಗಿ ದಾಟಬಹುದು; ಬರುವಾಗ ಅವಸರದಲ್ಲಿ ಹಗುರವಾಗಿ ಓಡಿಸಿದರೆ, ಅಷ್ಟೆತ್ತರದ ಗಾಡಿ ಹಳ್ಳದ ಓರೆಯಲ್ಲಿ ಮಗುಚುತ್ತದೆ, ಧೊಂಡಿಬಾ ಅದರ ಅಡಿಯಲ್ಲಿ. ಅಂದರೆ ಹಗಲುಹೊತ್ತಿನಲ್ಲಿ, ಪಾನಾ ಹಿಡಿದು ಕೂತು, ಯಾರು ಬದುಕಿದ್ದಾರೆ ಯಾರಿಲ್ಲ ಎಂದು ಅಣ್ಣನಾದವನು ತೀರ್ಮಾನ ಮಾಡಬೇಕು.

ಮಧ್ಯಾಹ್ನ ರೊಟ್ಟಿ ತಂದ ಹೆಂಡತಿ ಹಲೀಮಾಳನ್ನು, ಎಷ್ಟು ಜನಕ್ಕೆ ಲೆಕ್ಕ ಹಿಡಿಯಲಿ ಎಂದು ಕೇಳಿದ. ಅವಳು ಬುತ್ತಿ ಕೆಳಗಿಟ್ಟು, ಯಾರನ್ನು ಬಿಡಲು ನಿಮಗೆ ಮನಸ್ಸು ಬರುತ್ತದೋ ಅವರನ್ನು ಬಿಟ್ಟು ಎಣಿಸಿಕೊಳ್ಳಿ ಎಂದು ಮನೆಯ ದಖನಿ ಉರ್ದುವಿನಲ್ಲಿ ಹೇಳಿ, ಮುಖ ತಿರುಗಿಸಿಕೊಂಡು ಹೋಗಿಬಿಟ್ಟಳು. ರೊಟ್ಟಿ ಇಟ್ಟಲ್ಲೇ ಒಣಗಿತು.

ಆಮೇಲೆ ಅವನು ಯಾರ ಮಾತಿಗೂ ಕಾಯಲಿಲ್ಲ. ತಿದಿ ಊದಿ, ಹಳೆಯ ಲಾರಿಯ ಪಟ್ಟಿಗಳನ್ನು ಕಾಯಿಸಿ ಬಾಗಿಸಿ, ಮೂರು ಮೂರು ಬಿಗಿದೇಬಿಟ್ಟ. ಭಾರ ನೋಡಲು ಗೋಣಿಚೀಲಗಳಿಗೆ ಉಸುಕು ತುಂಬಿದ. ದೊಡ್ಡವರಿಗೆ ದೊಡ್ಡ ಚೀಲ, ಮಕ್ಕಳಿಗೆ ಸಣ್ಣವು. ನಜಮೋದ್ದೀನನದು ದೊಡ್ಡ ದೇಹ; ಅವನ ಚೀಲಕ್ಕೆ ಎರಡು ಬುಟ್ಟಿ ಹೆಚ್ಚಿಗೆ ಹಾಕಿದ, ಈಚೆಗೆ ಸೊರಗಿದ್ದ ಎಂದು ನೆನಪಾಗಿ ಒಂದು ಬುಟ್ಟಿ ತೆಗೆದ. ಏಳೂ ಚೀಲ ಏರಿಸಿದಾಗ ಟಯರಿಗೂ ಮಡ್‌ಗಾರ್ಡಿಗೂ ನಡುವೆ ಸರಿಯಾಗಿ ನಾಲ್ಕು ಬೆರಳು ಜಾಗ ಉಳಿಯಿತು.

ಈಗ ಚೀಲ ಇಳಿಸಿ ಹಗುರ ಗಾಡಿ ಹೇಗೆ ನಿಲ್ಲುತ್ತದೆ ನೋಡೋಣ ಎಂದ ಧೊಂಡಿಬಾ. ಲಾಲ ಅಹ್ಮದ ಒಂದು ಸಣ್ಣ ಚೀಲಕ್ಕೆ ಕೈ ಹಾಕಿದ. ಅದು ಜೈನಬಿಯ ಕಿರಿಯ ಮಗಳದು. ಕೈ ಹಿಂದೆ ಬಂತು. ನೀನೇ ಇಳಿಸು ಎಂದ. ಧೊಂಡಿಬಾ ದೊಡ್ಡ ಚೀಲದ ಬಾಯಿ ಹಿಡಿದು ಎಳೆಯುತ್ತಲೇ, ಲಾಲ ಅಹ್ಮದ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಧೊಂಡಿಬಾ ಚೀಲಗಳನ್ನು ನೋಡಿದ, ಲಾಲ ಅಹ್ಮದನ ಮುಖ ನೋಡಿದ. ಅವನಿಗೆ ತಿಳಿಯಿತು.

"ಇರ್ಲಿ ಬಿಡ್ರಿ," ಎಂದ. "ಏಳೂ ಚೀಲ ಹಾಕ್ಕೊಂಡೇ ಹೋಗ್ತೇನಿ. ಒಬ್ಬೊಬ್ಬರು ಹತ್ತಿದಂಗ ಒಂದೊಂದ ಚೀಲ ಒಗೀತೇನಿ. ಯಾರೂ ಹತ್ತಲಿಲ್ಲಂದ್ರೂ ಗಾಡಿ ಮಗಚಂಗಿಲ್ಲ."

ಮರುದಿನ ನಸುಕಿನಲ್ಲಿ ಜೀಪು ಹೋಯಿತು. ಲಾಲ ಅಹ್ಮದ ಆ ದಿನ ಮಾಡಿದ್ದನ್ನು ಕೆಲಸ ಎಂದು ಕರೆಯುವಂತಿಲ್ಲ. ಕಳಚಿದ ನಟ್ಟನ್ನೇ ಮತ್ತೆ ಬಿಗಿದ, ಬಿಗಿದದ್ದನ್ನೇ ಕಳಚಿದ. ಗಲ್ಲಿಯ ತುದಿಗೆ ಹೋಗಿ ಬಂದು, ಇನ್ನೂ ಕೂರುವ ಮೊದಲೇ ಮತ್ತೆ ಹೋದ. ಪಟ್ಟಿಯ ಬೋಲ್ಟು ಸಡಿಲಾಗಿರಬಹುದೇ ಎಂದು ಚಿಂತಿಸಿದ. ಬೋಲ್ಟಿನ ಚಿಂತೆ ಇದ್ದಷ್ಟು ಹೊತ್ತು ಬೇರೆ ಚಿಂತೆ ಇಲ್ಲವಲ್ಲ ಎಂದು ಅದನ್ನೇ ಬೆಳೆಸಿದ. ಎರಡನೆಯ ದಿನವೂ ಹಾಗೆಯೇ ಕಳೆಯಿತು.

ಆ ಸಂಜೆ, ಇನ್ನೂ ಬಿಸಿಲಿರುವಾಗಲೇ ಜೀಪು ಬಂತು. ಮೈಯೆಲ್ಲ ಕರಿ ಕೆಸರು, ಮೇಲೆ ಕಟ್ಟಿದ ತಾಡಪತ್ರಿಯ ಹೊದಿಕೆ. ಒಳಗಿದ್ದವರು ಕಾಣುತ್ತಿರಲಿಲ್ಲ. ಅವನ ಕಣ್ಣು ಮೊದಲು ಹೋದದ್ದು ಟಯರಿನ ಮೇಲಿನ ಜಾಗಕ್ಕೆ. ನಾಲ್ಕು ಬೆರಳಿಗೆ ಅರ್ಧ ಬೆರಳು ಹೆಚ್ಚಿರಬಹುದು, ಅಷ್ಟೇ. ಆದರೆ ಚೀಲಗಳಿದ್ದರೂ ಗಾಡಿ ಹಾಗೆಯೇ ನಿಲ್ಲುತ್ತಿತ್ತು. ಓಡಿಹೋಗಿ ಹಿಂದಿನ ತಾಡಪತ್ರಿಯ ಅಡಿಯಲ್ಲಿ ಬಗ್ಗಿ ನೋಡಿದ. ತಳದಲ್ಲಿ ಒಂದೇ ಒಂದು ಚೀಲ ಇರಲಿಲ್ಲ. ಬರೀ ಕಾಲುಗಳು, ಕೆಸರು ಮೆತ್ತಿದ ಮನುಷ್ಯರ ಕಾಲುಗಳು.

ಅವನಿಗೆ ಎದೆ ಬಿರಿಯುವಷ್ಟು ಸಂತೋಷವಾಯಿತು. ಏಳೂ ಜನ ಬಂದರು ಎಂದು ಗಲ್ಲಿಗೆಲ್ಲ ಕೇಳುವಂತೆ ಹಲೀಮಾಳನ್ನು ಕೂಗಿದ. ಆ ಅರ್ಧ ಬೆರಳಿನದೇನು, ಹೊಟ್ಟೆಗಿಲ್ಲದೆ ಇಳಿದುಹೋಗಿರುತ್ತಾರೆ ಎಂದುಕೊಂಡ. ಅಲ್ಲಾಹನಿಗೆ ಶುಕ್ರು ಹೇಳುತ್ತಲೇ ತಾಡಪತ್ರಿ ಎತ್ತಿದ.

ಜೈನಬಿ ಇದ್ದಳು. ಅವಳ ಅತ್ತೆ ಇದ್ದಳು. ಮೂರು ಮಕ್ಕಳಿದ್ದರು. ಮೂಲೆಯಲ್ಲಿ ಅವನು ಎಂದೂ ನೋಡಿರದ ಒಬ್ಬ ಮುದುಕಿ, ಅವಳ ಸೆರಗು ಹಿಡಿದ ಯಾರದೋ ಪುಟ್ಟ ಹುಡುಗಿ. ನಜಮೋದ್ದೀನ ಇರಲಿಲ್ಲ. ಹಿರಿಯ ಮಗ ಇರಲಿಲ್ಲ. ಜೈನಬಿ ಅಣ್ಣನ ಮುಖ ನೋಡಿದಳು, ಮೂರೂ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಲಾಲ ಅಹ್ಮದ ಧೊಂಡಿಬಾನ ಕಡೆ ತಿರುಗಿದ. "ಚೀಲ ಯಾಕ ಎಲ್ಲಾ ಒಗದಿ?" ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

ಧೊಂಡಿಬಾ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. "ಎರಡ ಚೀಲ ಉಳದಿದ್ವು. ಇವರಿಬ್ಬರು ಹಾಳ ಬಾವಿ ಹಿಂದ ಅಡಗಿ ಕುಂತಿದ್ರು, ಇವರ ಮನ್ಯಾಗ ಮತ್ಯಾರೂ ಇಲ್ಲ. ಉಸುಕು ಹೊತ್ತು ತರೋದಕ್ಕಿಂತ ಮಂದಿನ ತರೋದು ಛಲೋ ಅನಿಸ್ತು, ಲಾಲಭಾಯಿ. ತಪ್ಪ ಆತೇನ್ರಿ?"

ಆ ಕ್ಷಣಕ್ಕೆ ಲಾಲ ಅಹ್ಮದನಿಗೆ ಆ ಮುದುಕಿಯನ್ನು ಕಂಡರೆ ಆಗಲಿಲ್ಲ. ನಜಮೋದ್ದೀನನ ಜಾಗದಲ್ಲಿ ಇವಳು ಯಾರು ಕೂರಲಿಕ್ಕೆ ಎಂದು ಹೊಟ್ಟೆ ಉರಿಯಿತು. ಹಲೀಮಾ ಬಂದು ಜೈನಬಿಯನ್ನು ತಬ್ಬಿ ಇಳಿಸಿಕೊಂಡಳು, ಅತ್ತೆಯನ್ನೂ ಮಕ್ಕಳನ್ನೂ ಒಳಗೆ ಕರೆದೊಯ್ದಳು. ಧೊಂಡಿಬಾ ಆ ಪುಟ್ಟ ಹುಡುಗಿಯನ್ನು ಎತ್ತಿ ಕೆಳಗಿಟ್ಟ.

ಮುದುಕಿ ಗಾಡಿಯ ಅಂಚಿಗೆ ಸರಿದು ಒಂದು ಕಾಲು ಕೆಳಗೆ ಬಿಟ್ಟಳು. ನೆಲ ಸಿಗಲಿಲ್ಲ. ಕಾಲು ಗಾಳಿಯಲ್ಲಿ ತಡಕಾಡುತ್ತಿತ್ತು. ಅಷ್ಟೆತ್ತರದ ಗಾಡಿ, ಹತ್ತಿದವರು ಇಳಿಯುವುದು ಹೇಗೆ ಎಂದು ಮಿಸ್ತ್ರಿ ಯೋಚಿಸಿಯೇ ಇರಲಿಲ್ಲ. ಕಾಲಿಗೆ ಏನೂ ಸಿಗದೆ ಅವಳು ಹೆದರಿ ಮತ್ತೆ ಒಳಗೆ ಸರಿದಳು, ಬೇಡವಾದವಳ ಹಾಗೆ ಸೆರಗು ಮುಖಕ್ಕೆ ಎಳೆದುಕೊಂಡಳು.

ಲಾಲ ಅಹ್ಮದ ಗಾಡಿಯ ಹಿಂದೆ ನೆಲದ ಮೇಲೆ ಮಂಡಿಯೂರಿ ಕೂತ. "ನನ್ನ ಹೆಗಲ ಮ್ಯಾಲ ಕಾಲಿಡ್ರಿ, ಅಮ್ಮಾ," ಎಂದ.

ಅವಳು ಇಟ್ಟಳು. ನಜಮೋದ್ದೀನನ ಚೀಲದ ಅರ್ಧ ಭಾರವೂ ಅವಳಲ್ಲಿ ಇರಲಿಲ್ಲ. ಆ ಹಗುರ ಹೆಗಲಿಗೆ ತಾಗಿದ ಮೇಲೆಯೇ ಲಾಲ ಅಹ್ಮದನಿಗೆ ಅಳು ಬಂದದ್ದು. ಅವಳ ಎರಡೂ ಕಾಲು ನೆಲ ಮುಟ್ಟುವವರೆಗೆ ಅವನು ಅಲುಗದೆ ಕೂತಿದ್ದ.