ಸುಟ್ಟ ಬಟ್ಟೆ ಒಣಗುತ್ತಿದೆ

"ಹರಿದ ಬೆಡ್‌ಶೀಟ್ ಬೇಕಂತೆ ಮಹಾರಾಣಿಗೆ! ನಿಮ್ಮಪ್ಪನ ಮನೆ ಗಂಟು ಅಂದ್ಕೊಂಡ್ಯೇನೇ? ಸರ್ಕಾರದ ಆಸ್ತಿ ಕಣೇ ಅದು!"

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಿಂತು ಉಗ್ರಾಣದ ಸಾಹೇಬ ಹೀಗೆ ಕೂಗುತ್ತಿದ್ದಾಗ, ಅವನ ಡ್ರೈವರ್ ಕಾರಿನ ಹಿಂದಿನ ಸೀಟಿಗೆ ಉಗ್ರಾಣದ ಹೊಚ್ಚಹೊಸ ಕಂಬಳಿಯೊಂದನ್ನು ಸುಕ್ಕಿಲ್ಲದಂತೆ ಹಾಸುತ್ತಿದ್ದ. ಕಂಬಳಿಯ ಕೆಂಪಂಚಿನಲ್ಲಿ ಆಸ್ಪತ್ರೆಯ ಹೆಸರು ನೇಯ್ದಿತ್ತು. ಗುಬ್ಬಿ ಬೈಗುಳಕ್ಕೆ ಕಿವಿ ಕೊಟ್ಟು, ಕಣ್ಣನ್ನು ಕಂಬಳಿಗೆ ಕೊಟ್ಟಳು.

ಆಳು ಗುಬ್ಬಿಯಷ್ಟೇ ಇದ್ದುದರಿಂದ ಲಾಂಡ್ರಿಯವರೆಲ್ಲ ಅವಳಿಗಿಟ್ಟ ಹೆಸರು ಅದು. ಈಗ ಎಂಟು ತಿಂಗಳು ತುಂಬಿ, ಗುಬ್ಬಿ ಕುಂಬಳಕಾಯಿ ನುಂಗಿದಂತೆ ಕಾಣುತ್ತಿದ್ದಳು. ಆರು ವರ್ಷದಿಂದ ಈ ಆಸ್ಪತ್ರೆಯ ರಕ್ತ, ಕೀವು, ವಾಂತಿ ಎಲ್ಲವನ್ನೂ ಒಗೆದಿದ್ದಳು. ಯಾವ ಬೆಡ್‌ಶೀಟು ಎಷ್ಟು ಮೆತ್ತಗಾಗಿದೆ ಎಂಬುದು ಅವಳ ಬೆರಳಿಗೇ ಗೊತ್ತಿತ್ತು.

"ಹೇಗೂ ಸುಡ್ತೀರಲ್ಲ ಸಾರ್. ಹಳೇ ಹತ್ತಿ, ಮಗೂಗೆ ಮೆತ್ತಗಿರುತ್ತೆ..."

"ಸುಡ್ತೀವಿ, ನಮ್ಮಿಷ್ಟ! ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇರೆ! ಹೊಟ್ಟೇಲಿರೋವಾಗ್ಲೇ ಕದಿಯೋದು ಕಲಿಸ್ತಿದೀಯಾ?"

"ಕುಲಾವಿಗಲ್ಲ ಸಾಹೇಬ್ರೇ, ಕುಂಡೆ ಒರೆಸೋಕೆ," ಎಂದಳು ಬಾಗಿಲ ಬಳಿ ಬಟ್ಟೆ ಹಿಂಡುತ್ತಿದ್ದ ದೊಡ್ಡಮ್ಮ. ಲಾಂಡ್ರಿಗೆಲ್ಲ ಹಿರಿಯಳು. ಅವಳ ಬಾಯಿಗೆ ಹೆದರಿ ಕೊಳೆಯೇ ಬಿಡುತ್ತದೆ ಎನ್ನುತ್ತಿದ್ದರು. ಒಳಗೆ ನಾಲ್ಕಾರು ಹೆಂಗಸರು ಕಿಸಕ್ಕೆಂದರು.

ಸಾಹೇಬನ ಕಿವಿ ಕೆಂಪಾಯಿತು. ಸೇಡಿಗೆ ದೊಡ್ಡಮ್ಮ ಸಿಕ್ಕುವವಳಲ್ಲ, ಗುಬ್ಬಿ ಸಿಕ್ಕಳು.

"ನಾಳೆ ಹನ್ನೆರಡು ಬೆಡ್‌ಶೀಟು ಸುಡೋದಿದೆ. 'ರದ್ದು' ಮೊಹರು ನೀನೇ ಹೊಡಿ. ಬರೀ ಮೂಲೆಗಲ್ಲ, ಮೈತುಂಬ. ಗೇಣಿಗೊಂದು! ಒಂದು ಚೂರು ಹೊರಗೆ ಹೋದ್ರೂ ನನಗೆ ಗುರುತು ಸಿಗಬೇಕು."

ಅಂದು ಸಂಜೆ ಗುಬ್ಬಿ ಗಂಡನೊಂದಿಗೆ ಮಕ್ಕಳ ಸಾಮಾನಿನ ಅಂಗಡಿಗೆ ಹೋದಳು. ಕೈಯಲ್ಲಿ ಹೆರಿಗೆ ವಾರ್ಡಿನ ನರ್ಸಮ್ಮ ಕೊಟ್ಟ ಚೀಟಿ: ಹತ್ತಿಬಟ್ಟೆ ಹನ್ನೆರಡು, ಟವಲು ಎರಡು, ಸೋಪು, ಪ್ಲಾಸ್ಟಿಕ್ ಹಾಳೆ, ಕಂಬಳಿ ಒಂದು. ಇದಿಲ್ಲದೆ ಬಂದವರನ್ನು ನರ್ಸಮ್ಮ ವಾರ್ಡಿಗೆಲ್ಲ ಕೇಳುವಂತೆ ಝಾಡಿಸುತ್ತಿದ್ದಳು, "ಬಸುರಾಗೋಕೆ ಆಗುತ್ತೆ, ನಾಲ್ಕು ಬಟ್ಟೆ ತರೋಕಾಗಲ್ವಾ?" ಎಂದು. ಹೋದ ವಾರ ಒಬ್ಬಳ ಮಗುವನ್ನು ಅವಳ ಹಳೇ ಲಂಗದಲ್ಲೇ ಸುತ್ತಿ ಮಲಗಿಸಿದ್ದನ್ನು ಗುಬ್ಬಿ ಕಂಡಿದ್ದಳು. ಆ ಲಂಗವೂ ಒಗೆಯಲು ಇವಳಲ್ಲಿಗೇ ಬಂದಿತ್ತು. ಒಣಗುವ ತನಕ ಮಗುವಿಗೆ ಹಳೇ ಪೇಪರೇ ಗತಿಯಾಗಿತ್ತು.

ಅಂಗಡಿಯಲ್ಲಿ ಬಿಳಿ ಬಟ್ಟೆಗಳ ಕಟ್ಟನ್ನು ಮುಟ್ಟಲು ಹೋದರೆ, ಅಂಗಡಿಯವಳು ಬ್ಲೀಚಿಂಗ್ ಪುಡಿ ತಿಂದು ಸುಲಿದ ಅವಳ ಬೆರಳುಗಳನ್ನು ನೋಡಿ ಕಟ್ಟನ್ನೇ ಹಿಂದಕ್ಕೆ ಸರಿಸಿದಳು. ಬೆಲೆ ಹೇಳಿದಳು. ಹೊಟ್ಟೆಯೊಳಗಿನದು ಒದ್ದಿತು.

"ನೋಡ್ರೀ, ಇದಕ್ಕೂ ರೇಟು ಕೇಳಿಸ್ತು," ಎಂದಳು ಗುಬ್ಬಿ.

"ಅಪ್ಪನ ಜೇಬಿನ ವಿಷಯ ಗೊತ್ತಿರೋ ಮಗು ಬಿಡು," ಎಂದ ಗಂಡ. ಗಾರೆ ಕೆಲಸದವನು. ಟೈಲ್ಸ್ ಸುತ್ತಿಬಂದಿದ್ದ ಪ್ಲಾಸ್ಟಿಕ್ಕನ್ನು ಆಗಲೇ ಏಳು ಸಲ ತೊಳೆದು ಮಡಚಿಟ್ಟಿದ್ದ. ಅಂಚು ಮುರಿದ ಸೋಪು ಅರ್ಧ ಬೆಲೆಗೆ ಸಿಕ್ಕಿತು. ಟವಲು ಎರಡರ ಬದಲು ಒಂದು, ಮನೆಗೆ ಹೋಗಿ ನಡುವೆ ಕತ್ತರಿಸುವುದೆಂದಾಯಿತು. ಬಟ್ಟೆ, ಕಂಬಳಿ ಚೀಟಿಯಲ್ಲೇ ಉಳಿದವು.

ಮರುದಿನ ಗುಬ್ಬಿ ಮೊಣಕಾಲೂರಿ ಕುಳಿತು, ಹೊಟ್ಟೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು, ಗೇಣಿಗೊಂದರಂತೆ ಮೊಹರು ಹೊಡೆದಳು. ರದ್ದು. ರದ್ದು. ರದ್ದು. ಸಾಹೇಬ ಕುರ್ಚಿ ಹಾಕಿಸಿಕೊಂಡು ಕುಳಿತು ನೋಡಿದ. ಒಮ್ಮೆ ಅವಳು ನೆಟ್ಟಗಾಗಿ ಉಸಿರು ಬಿಟ್ಟದ್ದಕ್ಕೆ, "ಏನು, ಇಲ್ಲೇ ಹೆರ್ತೀಯಾ? ಹೊಡೀ ಹೊಡೀ," ಎಂದ. ಎಷ್ಟು ಒಗೆದರೂ ಹೋಗದ ಕಪ್ಪು ಶಾಯಿ ಅದು. ಅವಳ ಉಗುರಿನಲ್ಲೂ ನಿಂತಿತು.

ಕುಲುಮೆಯಂಥ ದೊಡ್ಡ ಒಲೆ ಅಂಗಳದ ಕೊನೆಯಲ್ಲಿತ್ತು. ಅದನ್ನು ನೋಡಿಕೊಳ್ಳುವವನು ಬೂದಿಯಣ್ಣ. ಹುಬ್ಬು ಸುಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು, ಅದರಿಂದ ಯಾವಾಗ ನೋಡಿದರೂ ಆಶ್ಚರ್ಯಪಟ್ಟವನಂತೆ ಕಾಣುತ್ತಿದ್ದ. ಸುಡುವಾಗ ಸಾಹೇಬ ಒಲೆಯ ಮುಂದೆ ನಿಂತು ನೋಡಿ ಸಹಿ ಹಾಕಬೇಕೆಂದು ನಿಯಮ. ಹತ್ತು ವರ್ಷದಲ್ಲಿ ಸಾಹೇಬ ಒಂದು ದಿನವೂ ಒಲೆಯ ಹತ್ತಿರ ಸುಳಿದವನಲ್ಲ. ತನ್ನ ಕಿಟಕಿಯಿಂದ ಹೊಗೆ ಕಂಡರೆ ಅಲ್ಲೇ ಸಹಿ.

"ಅವನಿಗೆ ಬೇಕಾಗಿರೋದು ಬೆಂಕಿ ಅಲ್ಲ ಕಣವ್ವಾ, ಹೊಗೆ," ಎಂದ ಬೂದಿಯಣ್ಣ, ಗುಬ್ಬಿ ತಳ್ಳಿಕೊಂಡು ಬಂದ ಗಾಡಿಯನ್ನು ನೋಡುತ್ತ. "ಅದನ್ನ ಎಷ್ಟು ಬೇಕಾದ್ರೂ ಕೊಡೋಣ."

ಹನ್ನೆರಡು ಬೆಡ್‌ಶೀಟು ಗಾಡಿಯ ತಳಕ್ಕಿಳಿದವು. ಮೇಲೆ ಆಪರೇಷನ್ ಕೋಣೆಯ ರಕ್ತದ ಬಟ್ಟೆ ಬಿತ್ತು. ಅದಕ್ಕೆ ಕೈ ಹಾಕುವ ಗಂಡು ಆ ಆಸ್ಪತ್ರೆಯಲ್ಲಿ ಹುಟ್ಟಿರಲಿಲ್ಲ. ಒಲೆಗೆ ರಟ್ಟಿನ ಡಬ್ಬಗಳು, ಹರಿದ ಹಾಸಿಗೆಯ ನಾರು ಹೋದವು.

"ಬಟ್ಟೆ ಸುಟ್ಟ ವಾಸನೆ ಬರಬೇಡ್ವಾ?" ಗುಬ್ಬಿಗೆ ಅನುಮಾನ.

"ಆ ಬಡ್ಡಿಮಗನಿಗೆ ಯಾವ ವಾಸನೆ ಗೊತ್ತು? ತಗೋ, ಇದನ್ನೂ ಹಾಕು," ಎಂದು ದೊಡ್ಡಮ್ಮ ಉಂಗುಟ ಕಿತ್ತುಹೋದ ತನ್ನ ರಬ್ಬರ್ ಚಪ್ಪಲಿ ಎಸೆದಳು.

ಕಡುಗಪ್ಪು ಹೊಗೆ ಸುತ್ತಿ ಸುತ್ತಿ ನೇರ ಸಾಹೇಬನ ಕಿಟಕಿಗೇ ಹೋಯಿತು. ಕಿಟಕಿ ದಢಾರನೆ ಮುಚ್ಚಿತು. ಬೂದಿಯಣ್ಣ ಕಾಗದ ಹಿಡಿದು ಒಳಹೋದಾಗ ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಓದದೆ, ಎರಡು ಪ್ರತಿಗೂ ಸಹಿ ಗೀಚಿದ.

ಒಂದೊಂದು ಬೆಡ್‌ಶೀಟಿನಿಂದ ಆರಾರು ತುಂಡು. ಕುದಿನೀರಿನಲ್ಲಿ ತಿರುವಿ, ಲಾಂಡ್ರಿಯ ಅಟ್ಟದ ಮೇಲೇ ಪೇರಿಸಿದರು. ಹೆರಿಗೆ ಇಲ್ಲೇ ಆಗುವಾಗ ಗೇಟು ದಾಟಿಸುವ ಉಸಾಬರಿಯೇಕೆ?

"ನನಗೆ ಹನ್ನೆರಡು ಸಾಕು," ಎಂದಳು ಗುಬ್ಬಿ.

"ಮಿಕ್ಕಿದ್ದು?"

ಗುಬ್ಬಿಗೆ ಆ ಲಂಗ ನೆನಪಾಯಿತು. "ವಾರ್ಡಲ್ಲಿ ಇರೋ ಕೂಸುಗಳಿಗೇನು ಕುಂಡೆ ಇಲ್ವಾ ದೊಡ್ಡಮ್ಮಾ?"

ಅವಳಿಗೆ ಹೆರಿಗೆ ನೋವು ಬಂದ ದಿನವೇ, ಲಾಂಡ್ರಿಗೆ ಆಳುಗಳನ್ನು ಒದಗಿಸುವ ಗುತ್ತಿಗೆದಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದ. ಹೆರಲು ಹೋದವಳಿಗೆ ರಜವಿಲ್ಲ, ಕೆಲಸವೇ ಇಲ್ಲ. ದೊಡ್ಡಮ್ಮ ಬಂದು ಸುದ್ದಿ ಹೇಳುವಾಗ ಗುಬ್ಬಿಯ ಪಕ್ಕದಲ್ಲಿ ಹೆಣ್ಣು ಕೂಸು ಮುಷ್ಟಿ ಬಿಗಿದು ಮಲಗಿತ್ತು.

"ನಿನ್ನಷ್ಟೇ ಇದೆಯಲ್ಲೇ!"

"ಬಾಯಿ ಮಾತ್ರ ನಿಂದು ದೊಡ್ಡಮ್ಮಾ. ರಾತ್ರಿಯೆಲ್ಲ ವಾರ್ಡೇ ನಿದ್ದೆ ಮಾಡಿಲ್ಲ."

ಮೂರನೆಯ ದಿನ ಬಿಸಿಲು ಚೆನ್ನಾಗಿತ್ತು. ಹೆರಿಗೆ ವಾರ್ಡಿನ ಹೊರಗೆ ಸಾಹೇಬನ ಕಿಟಕಿಗೆ ಎದುರಾಗಿ ಕಟ್ಟಿದ್ದ ಹಗ್ಗಗಳ ಮೇಲೆ ಹದಿನೆಂಟು ಕೂಸುಗಳ ಬಟ್ಟೆ ಹಾರಾಡಿದವು. ಬಿಳಿಯ ಮೇಲೆ ಕಪ್ಪಗೆ, ಗೇಣಿಗೊಂದು: ರದ್ದು. ರದ್ದು. ರದ್ದು.

ಸಾಹೇಬ ಓಡಿಬಂದಾಗ ದೊಡ್ಡ ಡಾಕ್ಟರಮ್ಮ ವಾರ್ಡು ನೋಡಿ ಜಗುಲಿಗೆ ಬಂದಿದ್ದರು.

"ಮೇಡಂ, ಕಳ್ಳತನ! ಇವೆಲ್ಲ ಉಗ್ರಾಣದ ಬೆಡ್‌ಶೀಟು! ಇಗೋ, ಇವಳೇ ಕಳ್ಳಿ!"

ಗುಬ್ಬಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮುಂದೆ ಬಂದಳು. "ಯಾವ ಬೆಡ್‌ಶೀಟು ಸಾರ್?"

"ಹೋದ ತಿಂಗಳು ರದ್ದಾದವು! ಹನ್ನೆರಡು!"

"ಅವನ್ನ ಸುಟ್ರಲ್ಲ ಸಾರ್. ನೀವೇ ಎದುರಿಗೆ ನಿಂತು."

ಹುಬ್ಬಿಲ್ಲದ ಮುಖದಲ್ಲಿ ಮಹಾ ಆಶ್ಚರ್ಯ ಹೊತ್ತು ಬೂದಿಯಣ್ಣ ಹತ್ತಿರ ಬಂದು, ಜೇಬಿನಿಂದ ಮಡಚಿದ ಕಾಗದ ತೆಗೆದ. "ನಿಮ್ಮ ಸೈನೇ ಅಲ್ವಾ ಸಾಹೇಬ್ರೇ? 'ನನ್ನ ಕಣ್ಣೆದುರು ಸುಟ್ಟು ಬೂದಿ ಮಾಡಲಾಯಿತು' ಅಂತಿದೆ. ಬೂದಿ ಬೇಕಾದ್ರೂ ಇದೆ, ತರ್ಲಾ?"

ಡಾಕ್ಟರಮ್ಮ ಕಾಗದ ನೋಡಿದರು, ಹಗ್ಗ ನೋಡಿದರು, ಸಾಹೇಬನನ್ನು ನೋಡಿದರು. "ಸುಟ್ಟಿದ್ದೀರೋ, ಇಲ್ವೋ?"

ಸಾಹೇಬ ಇಂಗು ತಿಂದ ಮಂಗನಂತಾದ. "ಸುಟ್ಟಿದ್ದೀವಿ ಮೇಡಂ."

"ಹಾಗಾದ್ರೆ ಇವು ಯಾರವು?"

ವಾರ್ಡಿನ ಕಿಟಕಿಗಳ ತುಂಬ ಬಾಣಂತಿಯರ ಮುಖಗಳಿದ್ದವು.

"ಇವು... ನಮ್ಮವಲ್ಲ."

ನರ್ಸಮ್ಮ ಕೆಮ್ಮು ಬಂದವಳಂತೆ ಗೋಡೆಗೆ ತಿರುಗಿದಳು. ಡಾಕ್ಟರಮ್ಮ ಕಾಗದವನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡು ಜಗುಲಿಯ ಆ ತುದಿಗೆ ನಡೆದರು.

ಸಾಹೇಬ ಹಲ್ಲು ಕಚ್ಚಿ, "ವಾಪಸ್ ಕೆಲಸಕ್ಕೆ ಬಾ, ಮಾಡ್ತೀನಿ ನಿನಗೆ," ಎಂದ.

"ಕೆಲಸ ಎಲ್ಲಿದೆ ಸಾರ್? ನಾನೂ ರದ್ದು." ಗುಬ್ಬಿ ಶಾಯಿ ನಿಂತ ಉಗುರುಗಳನ್ನು ಅವನ ಮುಖದ ಮುಂದೆ ಹಿಡಿದಳು. ಆಮೇಲೆ ಜಗುಲಿಯ ಮೆಟ್ಟಿಲಿಳಿದು, ಹಸಿ ಮೈಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಕಿಟಕಿಯ ಕೆಳಗೆ ನಿಂತಿದ್ದ ಸಾಹೇಬನ ಕಾರಿನ ಹತ್ತಿರ ಹೋದಳು. ಡ್ರೈವರ್ ಅವಳನ್ನು ನೋಡಿ, ಸಾಹೇಬನನ್ನು ನೋಡಿ, ಸಿಗರೇಟು ಹಚ್ಚುವ ನೆವದಲ್ಲಿ ಬೆನ್ನು ತಿರುಗಿಸಿದ. ಗುಬ್ಬಿ ಬಾಗಿಲು ತೆಗೆದು ಹಿಂದಿನ ಸೀಟಿಗೆ ಹಾಸಿದ್ದ ಆ ಕಂಬಳಿಯನ್ನು ಎಳೆದುಕೊಂಡಳು.

"ಏಯ್! ಅದು ನನ್ನ..."

"ನಿಮ್ಮ ಏನು ಸಾರ್?" ಕೆಂಪಂಚು ಹೊರಗೆ ಬರುವಂತೆ ಅವಳು ಕೂಸನ್ನು ಸುತ್ತಿದಳು. "ಜೋರಾಗಿ ಹೇಳಿ. ಮೇಡಂ ಇನ್ನೂ ಅಲ್ಲೇ ಇದಾರೆ."

ಸಾಹೇಬ ಜಗುಲಿಯ ಆ ತುದಿಯನ್ನೊಮ್ಮೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಕೂಸು ಬೆಚ್ಚಗೆ ಒಮ್ಮೆ ಮೈಮುರಿದು, ಮೊದಲು ತಾನುಟ್ಟ 'ಸುಟ್ಟ' ಬಟ್ಟೆಯನ್ನು, ಆಮೇಲೆ ಕಂಬಳಿಯಂಚಿನ ಆಸ್ಪತ್ರೆಯ ಹೆಸರನ್ನು, ನಿಧಾನವಾಗಿ ಒದ್ದೆ ಮಾಡಿತು.