ಅಕ್ಕನ ಮಾತಿಗೆ ಬಿದ್ದ ಬೀಗ

ಮನೆಯಲ್ಲಿ ಫೋನು ಬಿದ್ದರೆ ಎಲ್ಲರೂ ಮೊದಲು ಕೇಳುವುದು, ಬೀಳಿಸಿದ್ದು ಯಾರು ಅಂತ. ಬಡಗಿಯ ಮನೆಯಲ್ಲಿ ಆ ಪ್ರಶ್ನೆ ಏಳಲಿಲ್ಲ. ಅಂಥ ಪ್ರಶ್ನೆಗಳನ್ನು ಕೇಳುವವನು ಬಡಗಿಯೇ, ಫೋನನ್ನು ಚಾರ್ಜಿಗೆ ಹಾಕಿ ಕಿಟಕಿಯ ಅಂಚಿನಲ್ಲಿ ಇಟ್ಟವನೂ ಬಡಗಿಯೇ. ಕೆಳಗೆ ಬಟ್ಟೆ ನೆನೆಹಾಕಿದ ಬಕೆಟ್ ಇತ್ತು, ಫೋನು ಅದರಲ್ಲಿ ಮುಳುಗಿತು. ಫೋನನ್ನು ತೆಗೆದು ಒರೆಸಿದ, ಬಿಸಿಲಿಗಿಟ್ಟ, ಎರಡು ದಿನ ಕಾದ. ಅದು ಬದುಕಲಿಲ್ಲ. ಅವನ ಅಕ್ಕ ತನ್ನ ಗಾಲಿಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಏನೂ ಹೇಳಲು ಆಗಲಿಲ್ಲ, ಏಕೆಂದರೆ ಅವಳ ಮಾತೆಲ್ಲ ಆ ಫೋನಿನಲ್ಲೇ ಇತ್ತು.

ಇದನ್ನು ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಅಕ್ಕ ಹದಿನೆಂಟು ವರ್ಷ ಒಂದು ಹೊಲಿಗೆ ಘಟಕದಲ್ಲಿ ಬಟ್ಟೆ ಕತ್ತರಿಸಿದವಳು. ಶಾಲೆಯ ಅಂಗಿ, ಆಸ್ಪತ್ರೆಯ ಕೋಟು, ಏನೇ ಇರಲಿ, ಅವಳು ಗೆರೆ ಎಳೆದರೆ ಮತ್ತೊಬ್ಬರು ಅಳೆದು ನೋಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು, ತಲೆ ಮಾತ್ರ ಮೊದಲಿನಷ್ಟೇ ಚುರುಕಾಗಿ ಉಳಿಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರ್ ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಪರದೆಯ ತುಂಬ ಪುಟ್ಟ ಚಿತ್ರಗಳು. ಚಿತ್ರವನ್ನು ಒತ್ತಿದರೆ ಫೋನು ಆ ಮಾತನ್ನು ಆಡುತ್ತದೆ.

ಮೊದಲು ನಲವತ್ತು ಚಿತ್ರಗಳಿದ್ದವು. ಅಕ್ಕ ಅವನ್ನು ಆರುನೂರಕ್ಕೆ ಏರಿಸಿದಳು. ಎಡಗೈಯ ಹೆಬ್ಬೆರಳು ಎಲ್ಲೆಲ್ಲಿಗೆ ಎಟುಕುತ್ತದೋ ಅಲ್ಲಲ್ಲಿ ತನಗೆ ಬೇಕಾದ ಮಾತನ್ನು ಇಟ್ಟುಕೊಂಡಳು. ನೀರು, ಔಷಧಿ, ಬೆನ್ನುನೋವು ಇದ್ದವು. ತೋಳು, ಕಾಲರ್, ಉದ್ದ, ಗಿಡ್ಡ ಕೂಡ ಇದ್ದವು, ಒಂದು ದಿನ ಕೆಲಸಕ್ಕೆ ಬೇಕಾಗುತ್ತವೆ ಅಂತ. "ಸುಮ್ಮನಿರು, ನಂಗೊತ್ತು" ಅನ್ನುವುದು ಹೆಬ್ಬೆರಳ ಬುಡದಲ್ಲೇ ಇತ್ತು, ಅದು ದಿನಕ್ಕೆ ಹತ್ತು ಸಲ ಬೇಕಾಗುತ್ತಿತ್ತು. ಮೇಲಿನ ಮೂಲೆಯಲ್ಲಿ ಒಂದು ಕಬ್ಬಿಣದ ಮೊಳೆಯ ಚಿತ್ರ. ಅದನ್ನು ಒತ್ತಿದರೆ ಫೋನು "ಮೊಳೆ" ಎಂದು ಕೂಗುತ್ತಿತ್ತು, ಬಡಗಿ ಓಡಿಬರುತ್ತಿದ್ದ. ಚಿಕ್ಕಂದಿನಲ್ಲಿ ಸಣಕಲಾಗಿದ್ದ ತಮ್ಮನಿಗೆ ಅಕ್ಕ ಇಟ್ಟ ಹೆಸರು ಅದು. ಈಗ ಅವನಿಗೆ ಹೊಟ್ಟೆ ಬಂದಿದೆ, ಹೆಸರು ಹೋಗಿಲ್ಲ.

ತಮ್ಮನೂ ಕೈಕಟ್ಟಿ ಕೂರಲಿಲ್ಲ. ಕುರ್ಚಿಯ ಎಡತೋಳಿಗೆ ಫೋನು ಕೂರಲು ಒಂದು ಮರದ ಗೂಡು ಮಾಡಿದ. ಗಟ್ಟಿ ಮರದ ಒಂದೇ ತುಂಡು, ಎಲ್ಲೂ ಜೋಡಣೆ ಇಲ್ಲ. ಫೋನನ್ನು ಜಾರಿಸಿದರೆ ಟಕ್ ಎಂದು ಕೂರುತ್ತಿತ್ತು. ಬಾಗಿಲು ಮಾಡಿಸಲು ಬಂದ ಗಿರಾಕಿಗೂ ಅದನ್ನು ತೋರಿಸದೆ ಬಿಡುತ್ತಿರಲಿಲ್ಲ.

ಹೊಸ ಫೋನು ಬೇಕಾಯಿತು, ಅದೂ ಬೇಗ. ಸೋಮವಾರ ಹೊಲಿಗೆ ಘಟಕದ ಮೇಡಂ ಅಕ್ಕನನ್ನು ಬರಹೇಳಿದ್ದರು. ಹೊಲಿದ ಬಟ್ಟೆಯನ್ನು ನೋಡಿ ತಪ್ಪು ಹೇಳುವವರ ಜಾಗ ಖಾಲಿ ಇತ್ತು. ಆ ಕೆಲಸಕ್ಕೆ ಬೇಕಾದ್ದು ಕಣ್ಣು ಮತ್ತು ಮಾತು. ಬರಹೇಳಿದ ದಿನದಿಂದ ಅಕ್ಕನ ಮುಖವೇ ಬೇರೆಯಾಗಿತ್ತು.

ಬಡಗಿಯ ಅಂಗಡಿಯ ಪಕ್ಕದಲ್ಲೇ ಫೋನ್ ರಿಪೇರಿ ಮಾಡುವ ಹೆಂಗಸಿನ ಅಂಗಡಿ. ಅವಳು ಸತ್ತ ಫೋನನ್ನು ಬಿಚ್ಚಿ, ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡನ್ನು ಹೊರತೆಗೆದಳು.

"ಕಾರ್ಡ್ ಚೆನ್ನಾಗಿದೆ ಅಣ್ಣ. ಅಕ್ಕನ ಮಾತೆಲ್ಲ ಇದರಲ್ಲಿದೆ, ಒಂದೂ ಹೋಗಿಲ್ಲ. ನನ್ ಹತ್ರ ಒಂದು ಹಳೇ ಫೋನಿದೆ, ಅದಕ್ಕೆ ಹಾಕಿಕೊಡ್ಲಾ?"

ಬಡಗಿ ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡು, ಜೇಬಿನಿಂದ ಸ್ಕೇಲ್ ತೆಗೆದು ಆ ಫೋನನ್ನು ಅಳೆದ.

"ನಾಲ್ಕು ಮಿಲಿಮೀಟರ್ ಅಗಲ ಜಾಸ್ತಿ. ನನ್ನ ಗೂಡಿಗೆ ಕೂರಲ್ಲ."

"ಗೂಡನ್ನ ಸ್ವಲ್ಪ ಕೊರೆದ್ರೆ ಆಯ್ತಪ್ಪ."

"ಒಂದೇ ತುಂಡಿನ ಕೆಲಸ ತಂಗಿ ಅದು. ಕೊರೆದ್ರೆ ಅಂಚು ತೆಳ್ಳಗಾಗುತ್ತೆ, ನೋಡೋಕೆ ಅಸಹ್ಯ."

"ಸರಿ, ಬೇರೆ ತಗೊಳ್ಳೋ ಮುಂಚೆ ನನ್ನನ್ನ ಒಂದ್ಮಾತು ಕೇಳಿ."

"ಫೋನ್ ತಗೊಳ್ಳೋಕೂ ನಿನ್ನ ಕೇಳ್ಬೇಕಾ. ಅಳತೆ ಗೊತ್ತಿದೆ, ಸಾಕು."

ಅವನು ಸ್ಕೇಲ್ ಹಿಡಿದುಕೊಂಡು ದೊಡ್ಡ ಅಂಗಡಿಗೆ ಹೋದ. ಅಲ್ಲಿನ ಫೋನುಗಳೆಲ್ಲ ಅಂಗೈಗಿಂತ ದೊಡ್ಡವು, ಅಕ್ಕನ ಹೆಬ್ಬೆರಳು ಅರ್ಧಕ್ಕೂ ಎಟುಕದಂಥವು. ಕೊನೆಗೆ ಮಾರಾಟದವನು ಒಳಗಿನಿಂದ ಒಂದು ಉಳಿಕೆ ಮಾಲು ತಂದ. ಮುಳುಗಿದ ಫೋನಿನ ಕಂಪನಿಯದೇ, ಅದರ ಮುಂದಿನ ವರ್ಷದ ಮಾಡೆಲ್. ಬಡಗಿ ಉದ್ದ ಅಳೆದ, ಅಗಲ ಅಳೆದ, ದಪ್ಪ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಬೇರೆ ಯಾವ ಪ್ರಶ್ನೆಯನ್ನೂ ಕೇಳದೆ ದುಡ್ಡು ಕೊಟ್ಟು ತಂದ.

ಮನೆಯಲ್ಲಿ ಅದು ಗೂಡಿಗೆ ಟಕ್ ಎಂದು ಕೂತಿತು. ಅಕ್ಕ ನಕ್ಕಳು. ಅವನು ಕಾರ್ಡ್ ಹಾಕಿ ಆ್ಯಪ್ ಇಳಿಸಿಕೊಳ್ಳಲು ಹೋದ. ಈ ಆ್ಯಪ್ ನಿಮ್ಮ ಫೋನಿನಲ್ಲಿ ನಡೆಯುವುದಿಲ್ಲ ಎಂದು ಪರದೆ ಹೇಳಿತು. ಮತ್ತೆ ಒತ್ತಿದ, ಮತ್ತೆ ಅದೇ ಉತ್ತರ. ಅಕ್ಕನ ನಗು ನಿಧಾನವಾಗಿ ಇಳಿಯಿತು.

ಅವನು ಅದನ್ನು ರಿಪೇರಿಯವಳ ಬಳಿಗೆ ಒಯ್ದ. ಅವಳು ಫೋನನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟಳು.

"ಡಬ್ಬ ಹೊಸದು ಅಣ್ಣ, ಒಳಗಿರೋ ಸಿಸ್ಟಮ್ ಹಳೇದು. ಸಿಸ್ಟಮ್ ಅಂದ್ರೆ ಫೋನನ್ನ ನಡೆಸೋ ಮೂಲ ತಂತ್ರಾಂಶ. ಆ್ಯಪ್‌ಗಳೆಲ್ಲ ಅದರ ಮೇಲೇ ಕೂರೋದು. ಈ ಮಾಡೆಲ್‌ಗೆ ಕಂಪನಿ ಹೊಸ ಸಿಸ್ಟಮ್ ಕೊಡೋದನ್ನ ನಿಲ್ಲಿಸಿಬಿಟ್ಟಿದೆ."

"ಮುಳುಗಿದ ಫೋನಲ್ಲಿ ನಡೀತಿತ್ತಲ್ಲ. ಅದು ಇದಕ್ಕಿಂತ ಹಳೇದು."

"ಹೋದ ವರ್ಷ ಅದರಲ್ಲೂ ಆ್ಯಪ್ ನಿಂತುಹೋಗಿತ್ತು, ಜ್ಞಾಪಕ ಇದೆಯಾ? ನಾನು ಸರಿಮಾಡಿ ಕೊಟ್ಟೆ."

"ಏನೋ ರಿಪೇರಿ ಮಾಡಿದೆ."

"ರಿಪೇರಿ ಅಲ್ಲ. ಕಂಪನಿ ಸಿಸ್ಟಮ್ ತೆಗೆದು ಬೇರೆ ಸಿಸ್ಟಮ್ ಹಾಕಿದೆ. ಕಂಪನಿಗಳು ಕೈಬಿಟ್ಟ ಫೋನುಗಳಿಗೆ ತಿಳಿದವರು ಸೇರಿ ಸಿಸ್ಟಮ್ ಬರೆದು ಪುಕ್ಕಟೆ ಹಂಚ್ತಾರೆ. ಅದನ್ನ ಹಾಕೋಕೆ ಮೊದಲು ಫೋನಿನ ಒಳಗಿನ ಬೀಗ ತೆಗೀಬೇಕು. ಆಗ ಕಂಪನಿಯವರೇ ಕೇಳಿದವರಿಗೆ ಕೋಡ್ ಕೊಡ್ತಿದ್ರು. ಈ ಮಾಡೆಲ್‌ನಿಂದ ಕೊಡಲ್ಲ ಅಂತಿದ್ದಾರೆ."

ಬಡಗಿಗೆ ನಂಬಿಕೆ ಬರಲಿಲ್ಲ. "ಬೀಗ ಇದ್ರೆ ಒಳ್ಳೇದೇ ಅಲ್ವಾ? ಕಳ್ಳರು ಕದ್ದು ಬೇರೆ ಏನಾದ್ರೂ ಹಾಕ್ಕೊಂಡ್ರೆ? ದೊಡ್ಡ ಕಂಪನಿ, ಯೋಚನೆ ಮಾಡದೆ ಮಾಡ್ತಾರಾ?"

"ಬೀಗ ಬೇಕು ಅಣ್ಣ, ನಾನು ಬೇಡ ಅನ್ನಲ್ಲ. ಆದ್ರೆ ನೀವು ಬೀರು ಮಾಡಿ ಮಾರ್ತೀರಿ. ಕೊಂಡವರು ನಾಲ್ಕು ವರ್ಷ ಆದ್ಮೇಲೆ ಒಳಗಿನ ಹಲಗೆ ಬದಲಾಯಿಸ್ಕೊಂಡ್ರೆ ನೀವು ಹೋಗಿ ತಡೀತೀರಾ?"

"ನಾನ್ಯಾಕೆ ತಡೀಲಿ. ಅವರ ಬೀರು."

"ಅಷ್ಟೇ ನಾನು ಹೇಳ್ತಿರೋದು."

ಆದರೂ ಅವನು ಕಂಪನಿಯ ಸಹಾಯವಾಣಿಗೆ ಕರೆ ಮಾಡಿದ. ಆ ಕಡೆಯ ಯುವಕ ತುಂಬ ವಿನಯದಿಂದ ಮಾತಾಡಿದ.

"ಫೋನ್ ನನ್ನದು ತಾನೇ?" ಎಂದು ಬಡಗಿ ಕೇಳಿದ.

"ಖಂಡಿತ ನಿಮ್ಮದೇ ಸರ್."

"ಹಂಗಾದ್ರೆ ಬೀಗ ತೆಗೆಯೋ ಕೋಡ್ ಕೊಡಿ."

"ಅದಕ್ಕೆ ಅವಕಾಶ ಇಲ್ಲ ಸರ್. ನಿಮ್ಮ ಒಳ್ಳೇದಕ್ಕೇ ಹೀಗೆ ಮಾಡಿದ್ದೀವಿ."

ಡಬ್ಬ ಒಡೆದ ಫೋನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ರಿಪೇರಿಯವಳು ತನ್ನ ಬಳಿಯಿದ್ದ ಆ ಅಗಲದ ಹಳೆಯ ಫೋನನ್ನು ಇನ್ನೊಮ್ಮೆ ಮುಂದಿಟ್ಟಳು. ಬಡಗಿ ಸಿಟ್ಟಿನಲ್ಲಿದ್ದ, ಗೂಡಿನ ಮೇಲಿನ ಅಭಿಮಾನವೂ ಇಳಿದಿರಲಿಲ್ಲ. "ಸೋಮವಾರ ನಾನೇ ಜೊತೆಗೆ ಹೋಗ್ತೀನಿ ಬಿಡು. ಅವಳ ಪರವಾಗಿ ನಾನು ಮಾತಾಡ್ತೀನಿ. ಅಕ್ಕನ ಮನಸ್ಸು ನನಗೆ ಗೊತ್ತಿಲ್ವಾ" ಅಂದುಬಿಟ್ಟ.

ಇಲ್ಲಿ ಅವನು ಎಡವಿದ. ಪ್ರೀತಿ ಇದ್ದವರೇ ಇಂಥ ಕಡೆ ಎಡವುವುದು.

ಸೋಮವಾರ ಬೆಳಿಗ್ಗೆ ಹೊಲಿಗೆ ಘಟಕದಲ್ಲಿ ಮೂವತ್ತು ಮಿಷನ್‌ಗಳು ಒಟ್ಟಿಗೆ ಓಡುತ್ತಿದ್ದವು. ಇಸ್ತ್ರಿಯ ಆವಿ, ಸೀಮೆಸುಣ್ಣದ ಪುಡಿ, ನೆಲದ ಮೇಲೆ ದಾರದ ಚೂರುಗಳು. ಅಕ್ಕ ಎರಡು ವರ್ಷದ ನಂತರ ಆ ಗಾಳಿಯನ್ನು ಎಳೆದುಕೊಂಡಳು. ಕಿಟಕಿಯ ಪಕ್ಕ ತಪ್ಪು ಹುಡುಕುವ ಉದ್ದನೆಯ ಮೇಜು ಖಾಲಿಯಾಗಿತ್ತು. ಅವಳ ಕಣ್ಣು ಅದರ ಮೇಲೇ ನಿಂತಿತು.

"ಆ ಮೇಜಿನ ಕೆಲಸ ಆಗುತ್ತಾಮ್ಮ ನಿಮಗೆ?" ಎಂದು ಮೇಡಂ ಕೇಳಿದರು.

ಅಕ್ಕನ ತುಟಿ ಅಲುಗಿತು. ಅಷ್ಟರಲ್ಲಿ ತಮ್ಮ ಬಾಯಿ ಹಾಕಿದ.

"ಅಷ್ಟು ಜವಾಬ್ದಾರಿ ಬೇಡ ಮೇಡಂ, ಸುಸ್ತಾಗ್ತಾಳೆ. ಕೂತಲ್ಲೇ ಮಾಡೋ ಹಗುರ ಕೆಲಸ ಏನಾದ್ರೂ ಕೊಡಿ. ಗುಂಡಿ ಪೊಟ್ಟಣ ಕಟ್ಟೋದಾದ್ರೂ ಸಾಕು."

ಅಕ್ಕ ಎಡಗೈಯಿಂದ ಖಾಲಿ ಗೂಡನ್ನು ಬಡಿದಳು. ಮತ್ತೆ ಬಡಿದಳು. ಮೇಡಂ ಮರುಕದಿಂದ ನೋಡಿ, "ಈಗಲೇ ಸುಸ್ತಾದ ಹಾಗಿದೆ ಪಾಪ" ಎಂದು ಪುಸ್ತಕದಲ್ಲಿ ಬರೆದುಕೊಂಡರು. ಬುಧವಾರದಿಂದ ಗುಂಡಿ ಪೊಟ್ಟಣದ ಕೆಲಸ.

ಮನೆಗೆ ಬಂದ ಮೇಲೆ ಅಕ್ಕ ಎಡಗಾಲಿನಿಂದ ನೆಲವನ್ನು ಒದ್ದು ಒದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳು ಅಳುತ್ತಿದ್ದಳು. ಹದಿನೆಂಟು ವರ್ಷ ಗೆರೆ ಎಳೆದವಳು ಇನ್ನು ಗುಂಡಿ ಎಣಿಸಬೇಕು, ಅದೂ ತನ್ನದಲ್ಲದ ಮಾತಿನಿಂದ. ಆ ದುಃಖವನ್ನು ಹೇಳಿಕೊಳ್ಳಲೂ ಅವಳಿಗೆ ದಾರಿಯಿರಲಿಲ್ಲ.

"ನಿನ್ನ ಒಳ್ಳೇದಕ್ಕೇ ಹಾಗೆ ಹೇಳಿದ್ದು ಅಕ್ಕ" ಅಂದ ತಮ್ಮ.

ಅಂದವನಿಗೆ ತನ್ನ ಮಾತು ತನಗೇ ಕೇಳಿಸಿತು. ಇದೇ ಮಾತನ್ನು ನಾಲ್ಕು ದಿನದ ಹಿಂದೆ ಸಹಾಯವಾಣಿಯ ಯುವಕ ಇವನಿಗೆ ಹೇಳಿದ್ದ, ಆಗ ಇವನ ಮೈ ಉರಿದಿತ್ತು. ಅವನು ಕಾರ್ಡನ್ನು ಜೇಬಿಗೆ ಹಾಕಿ, ಗೂಡನ್ನು ಕುರ್ಚಿಯಿಂದ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ರಿಪೇರಿ ಅಂಗಡಿಗೆ ಹೊರಟ.

"ಆ ಹಳೇ ಫೋನ್ ಇನ್ನೂ ಇದೆಯಾ ತಂಗಿ?"

"ನೀವು ಬರ್ತೀರಿ ಅಂತ ಇಟ್ಟಿದ್ದೆ. ಇದರ ಕಂಪನಿಯವರು ಕೋಡ್ ಕೊಡ್ತಾರೆ. ನಾನು ಆಗಲೇ ಬೀಗ ತೆಗೆದು ಹೊಸ ಸಿಸ್ಟಮ್ ಹಾಕಿದ್ದೀನಿ." ಅವಳು ಒಂದು ಎಚ್ಚರಿಕೆಯನ್ನೂ ಹೇಳಿದಳು. "ಒಂದು ವಿಷಯ ತಿಳ್ಕೊಂಡಿರಿ. ಬೀಗ ತೆಗೆದಾಗ ಫೋನಲ್ಲಿ ಇರೋದೆಲ್ಲ ಅಳಿಸಿಹೋಗುತ್ತೆ. ಅದಕ್ಕೇ ಹೋದ ವರ್ಷ ಅಕ್ಕನ ಮಾತನ್ನ ಕಾರ್ಡಿಗೆ ಹಾಕಿಟ್ಟಿದ್ದು. ಬ್ಯಾಂಕಿನ ಆ್ಯಪ್ ಕೆಲವು ಇದರಲ್ಲಿ ನಡೆಯಲ್ಲ. ಕದ್ದವರ ಕೈಗೆ ಸಿಕ್ಕರೆ ಅಪಾಯನೂ ಸ್ವಲ್ಪ ಜಾಸ್ತಿ. ಎಲ್ಲಾ ತಿಳ್ಕೊಂಡು ಮಾಡ್ಬೇಕಾದ ಕೆಲಸ ಇದು."

"ಅಕ್ಕನಿಗೆ ಬ್ಯಾಂಕ್ ಬೇಡ. ಬಾಯಿ ಬೇಕು."

ಅವಳು ಕಾರ್ಡ್ ಹಾಕಿ ಆ್ಯಪ್ ಇಳಿಸುವಷ್ಟರಲ್ಲಿ ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು ಉಳಿಯಿಂದ ಗೂಡನ್ನು ಕೊರೆದ. ಅಂಚು ತೆಳ್ಳಗಾಯಿತು, ಒಂದು ಮೂಲೆ ಸೀಳಿತು. ಸೀಳಿದ ಕಡೆ ಹಿತ್ತಾಳೆಯ ಪಟ್ಟಿ ಬಡಿದ. ಅಂದ ಕೆಟ್ಟಿತು.

"ಮರ ನಂದು, ಬೇಕಾದಂಗೆ ಕೊರೆದೆ" ಅಂದ ಬಡಗಿ, ಉಳಿಯನ್ನು ಒರೆಸುತ್ತ. "ಆ ಹೊಸ ಫೋನಿಗೂ ನಾನೇ ದುಡ್ಡು ಕೊಟ್ಟಿದ್ದು. ಅದನ್ನ ಮಾತ್ರ ಮುಟ್ಟೋಕೆ ಬಿಡಲಿಲ್ಲ."

ಸಂಜೆ ಬಿಸಿಲು ಇನ್ನೂ ಇತ್ತು. ಅವನು ಗೂಡನ್ನು ಕುರ್ಚಿಗೆ ಕೂರಿಸಿ, ಫೋನನ್ನು ಜಾರಿಸಿ, ಎದುರಿಗೆ ನೆಲದ ಮೇಲೆ ಕೂತ. ಅಕ್ಕ ಬಹಳ ಹೊತ್ತು ಪರದೆಯನ್ನೇ ನೋಡಿದಳು. ಚಿತ್ರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಹೆಬ್ಬೆರಳು ಮೇಲಿನ ಮೂಲೆಗೆ ಹೋಯಿತು.

"ಮೊಳೆ."

"ತಪ್ಪಾಯ್ತಕ್ಕ, ನಾನು..."

"ಸುಮ್ಮನಿರು, ನಂಗೊತ್ತು." ಬೆರಳು ಮತ್ತೆ ಓಡಾಡಿತು, ಒಂದೊಂದೇ ಚಿತ್ರ ಹುಡುಕುತ್ತ. "ನನ್ನ. ಮಾತು. ನಾನು. ಹೇಳ್ತೀನಿ."

ಬುಧವಾರ ಬಡಗಿ ಅವಳನ್ನು ಘಟಕದ ಒಳಗೆ ಬಿಟ್ಟು, ತಾನು ಬಾಗಿಲಾಚೆಯೇ ನಿಂತ. ಗುಂಡಿಯ ಡಬ್ಬಗಳು ಇದ್ದ ಮೂಲೆಯನ್ನು ಮೇಡಂ ತೋರಿಸಿದರು. ಅಕ್ಕ ಅಲ್ಲಿಗೆ ಹೋಗಲಿಲ್ಲ, ಎಡಗಾಲಿನಿಂದ ಕುರ್ಚಿಯನ್ನು ಕಿಟಕಿಯ ಕಡೆ ತಳ್ಳಿಕೊಂಡಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಆಸ್ಪತ್ರೆಯ ಕೋಟುಗಳ ರಾಶಿ ಇತ್ತು, ನೋಡಿ ಮುಗಿಸಿ ಕಳಿಸಲು ಜೋಡಿಸಿಟ್ಟಿದ್ದು. ಅವಳು ಮೇಲಿನ ಕೋಟನ್ನು ಎಡಗೈಯಿಂದ ಹರಡಿದಳು, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಗೂಡಿನ ಕಡೆ ಕೈ ತಂದಳು.

"ಎಡ. ತೋಳು. ಗಿಡ್ಡ."

ಮೇಡಂ ಟೇಪ್ ತಂದು ಎರಡೂ ತೋಳು ಅಳೆದರು. ಒಂದು ಬೆರಳಿನಷ್ಟು ಗಿಡ್ಡವಿತ್ತು. ಅದರ ಕೆಳಗಿನ ಕೋಟೂ ಹಾಗೇ. ಹತ್ತಿರದ ಮಿಷನ್‌ಗಳು ಒಂದೊಂದಾಗಿ ನಿಂತವು.

"ಗುಂಡಿ. ಬೇಡ. ಈ. ಮೇಜು."

ಬಾಗಿಲಾಚೆ ನಿಂತ ತಮ್ಮ ಕಣ್ಣು ಒರೆಸಿಕೊಂಡ. ಮೇಡಂ ಸೋಮವಾರ ಬರೆದುಕೊಂಡಿದ್ದನ್ನು ಹೊಡೆದುಹಾಕಿದರು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಫೋನನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಅದರೊಳಗೆ ನಿಮ್ಮ ಮನೆಯ ಯಾರ ಯಾವ ಮಾತು, ಯಾವ ಕೆಲಸ ಇದೆ ಎಂದು ಯೋಚಿಸಿ. ಮುಂದಿನ ಸಲ ಫೋನ್ ಕೊಳ್ಳುವಾಗ ಬಣ್ಣ, ಕ್ಯಾಮೆರಾ ಕೇಳಿದ ಮೇಲೆ ಇದನ್ನೂ ಕೇಳಿ. ಕಂಪನಿ ಇದಕ್ಕೆ ಇನ್ನೆಷ್ಟು ವರ್ಷ ಹೊಸ ಸಿಸ್ಟಮ್ ಕೊಡುತ್ತದೆ? ಕೊಡುವುದು ನಿಲ್ಲಿಸಿದ ಮೇಲೆ, ನಾನೇ ಬೇರೆ ಸಿಸ್ಟಮ್ ಹಾಕಿಕೊಳ್ಳಲು ಬಿಡುತ್ತದೆಯೇ? ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ತಿಳಿದವರನ್ನು ಕೇಳುವವರೆಗೆ ಕೊಳ್ಳಬೇಡಿ. ಕೈಯಲ್ಲಿರುವ ಫೋನಿನ ಬೀಗವನ್ನು ಆತುರದಲ್ಲಿ ತೆಗೆಯಲೂ ಹೋಗಬೇಡಿ. ಬೇಕಾದ್ದನ್ನೆಲ್ಲ ಬೇರೆ ಕಡೆ ಉಳಿಸಿಟ್ಟು, ಬಲ್ಲವರ ಕೈಯಲ್ಲೇ ಮಾಡಿಸಿ.

ಇಷ್ಟು ಒಬ್ಬೊಬ್ಬರೇ ಮಾಡಬಹುದಾದ್ದು. ಉಳಿದದ್ದಕ್ಕೆ ಹತ್ತು ಜನ ಬೇಕು. ನಿಮ್ಮ ಸಂಘದ ಸಭೆಯಲ್ಲಿ ಈ ಕಥೆಯನ್ನು ಓದಿ, ಬಳಕೆದಾರರ ಪರ ಕೆಲಸ ಮಾಡುವವರಿಗೆ, ನೀವು ಆರಿಸಿ ಕಳಿಸಿದವರಿಗೆ ಒಂದು ಕಾಗದ ಬರೆಯಿರಿ. ಫೋನಿಗೆ ಬೀಗ ಇರಲಿ, ಅದರ ಕೀಲಿಕೈ ಕೊಂಡವರ ಕೈಯಲ್ಲಿರಲಿ ಎಂದು ಬರೆಯಿರಿ.

ಬಡಗಿ ಈಗಲೂ ಗಿರಾಕಿಗಳಿಗೆ ಗೂಡಿನ ಕಥೆ ಹೇಳುತ್ತಾನೆ, ಆದರೆ ಅಂಗಡಿಯ ಗೋಡೆಗೆ ತೂಗುಹಾಕಿದ ಆ ಹೊಸ ಫೋನನ್ನು ತೋರಿಸಿ. "ಅಳತೆ ಸರಿಯಾಗೇ ಇದೆ, ನೋಡಿ" ಅನ್ನುತ್ತಾನೆ. "ದುಡ್ಡು ಕೊಟ್ಟಿದ್ದು ನಾನು. ಆದ್ರೆ ಇದು ಇನ್ನೂ ನನ್ನದಾಗಿಲ್ಲ."