ಮನೆಗೆ ಹೊರಟ ಡ್ರೋನ್

ಬೆಟ್ಟದ ಮೇಲಿನ ಹಳೆಯ ಕಾವಲು ಗೋಪುರದ ಬುಡದಲ್ಲಿ ನಿಂತು ಎಷ್ಟು ಫೋಟೊ ತೆಗೆದರೂ ಅದರ ನೆತ್ತಿ ಸಿಗುವುದಿಲ್ಲ. ಊರಿನ ಫೋಟೊಗ್ರಾಫರನಿಗೆ ಅದೇ ಕೊರಗು. ಕೊನೆಗೆ ಡ್ರೋನ್ ಕೊಂಡ. ಅಂದಿನಿಂದ ಮನೆಯಲ್ಲಿ ಅವನ ಹೆಸರು ಗಾಳಿಪಟ.

ಹಾಗೆ ಕರೆದವಳು ಅವನ ಅತ್ತಿಗೆ. ಅದೇ ಗೋಪುರದ ಬಿರುಕುಗಳಿಗೆ ಸುಣ್ಣದ ಗಾರೆ ತುಂಬುವುದು ಆಕೆಯ ಕೆಲಸ. ಮೇಲಂಚಿನ ಕಲ್ಲುಗಳು ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿವೆ, ಗೋಪುರ ನೋಡಿಕೊಳ್ಳುವ ಕಚೇರಿಯಲ್ಲಿ ಲಿಖಿತ ಅನುಮತಿ ಕೇಳದೆ ಹಾರಿಸಬೇಡ ಎಂದು ಎರಡು ಸಲ ಹೇಳಿದ್ದಳು.

"ಹದ್ದು ಯಾವ ಕಚೇರಿಗೆ ಅರ್ಜಿ ಹಾಕಿದೆ ಅತ್ತಿಗೆ?" ಎಂದು ಅವನು ನಕ್ಕಿದ್ದ. "ಕೈ ತಪ್ಪಿದರೂ ತಾನಾಗೇ ಮನೆಗೆ ಬರುತ್ತೆ. ದಾರಿ ಅದಕ್ಕೆ ಗೊತ್ತು."

ಅವನ ಭಾಷೆಯಲ್ಲಿ ಮನೆ ಎಂದರೆ ಡ್ರೋನ್ ಮೇಲೆದ್ದ ಜಾಗ. ರಿಮೋಟಿನ ಸಂಪರ್ಕ ಕಡಿದರೆ, ಮೊದಲೇ ಗೊತ್ತುಮಾಡಿದ ಎತ್ತರದಲ್ಲಿ ಅದು ಗೆರೆ ಎಳೆದ ಹಾಗೆ ನೇರ ಅಲ್ಲಿಗೆ ಮರಳುತ್ತದೆ. ಆ ಎತ್ತರವನ್ನು ಅವನು ತನ್ನ ಬೀದಿಯ ಮೂರಂತಸ್ತಿನ ಮನೆಗಳನ್ನು ನೋಡಿ ಇಟ್ಟಿದ್ದ. ಬೆಟ್ಟ ಹತ್ತಿದಾಗ ಬದಲಿಸಲು ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಹಾರಿಸಿದ. ಡ್ರೋನ್ ಗೋಪುರದ ಹಿಂದೆ ಹೋಯಿತು, ಕೈಯಲ್ಲಿದ್ದ ರಿಮೋಟಿನ ಪರದೆ ಕಪ್ಪಾಯಿತು. ಅವನು ನಿಶ್ಚಿಂತೆಯಿಂದ ಕಾದ. ಡ್ರೋನ್ ಮನೆಗೆ ಹೊರಟಿತು. ನಡುವೆ ಗೋಪುರವಿತ್ತು.

ಸದ್ದೇನೂ ದೊಡ್ಡದಲ್ಲ. ಅಂಚಿನ ಕಲ್ಲೊಂದು ಡ್ರೋನಿನ ಜೊತೆಗೇ ಕಳಚಿ ಬಿದ್ದು, ಬುಡದಲ್ಲಿದ್ದ ಗಾರೆಯ ಬಾಂಡ್ಲಿಯನ್ನು ಚಪ್ಪಟೆ ಮಾಡಿತು. ಆ ಬಾಂಡ್ಲಿಯ ಮುಂದೆ ಕೂರುವವಳು ಅತ್ತಿಗೆ.

ಅವನು ಓಡಿ ಬಂದ. ಅಷ್ಟರಲ್ಲಿ ಆಕೆ ಗೋಡೆಯ ಮರೆಯಿಂದ ನೀರಿನ ಬಕೆಟ್ ಹಿಡಿದು ಬಂದಳು. ಕಲ್ಲನ್ನು ನೋಡಿದಳು, ಬಾಂಡ್ಲಿಯನ್ನು ನೋಡಿದಳು.

"ಅದಕ್ಕೆ ಮನೆ ಗೊತ್ತಿತ್ತು ಗಾಳಿಪಟ," ಎಂದಳು. "ನಡುವೆ ನಾವಿದ್ದೀವಿ ಅಂತ ಹೇಳಬೇಕಾದವರು ಯಾರು?"

ಅವನು ಕಚೇರಿಗೆ ಹೋಗಿ ನಡೆದದ್ದನ್ನು ತಾನೇ ಬರೆದುಕೊಟ್ಟ. ದುರಸ್ತಿ ಮುಗಿಯುವವರೆಗೆ ಯಾರಿಗೂ ಅನುಮತಿ ಇಲ್ಲ ಎಂದರು. ಈಗ ಅವನು ಮತ್ತೆ ಕೆಳಗಿನಿಂದಲೇ ಫೋಟೊ ತೆಗೆಯುತ್ತಾನೆ. ನೆತ್ತಿ ಇನ್ನೂ ಸಿಕ್ಕಿಲ್ಲ.

ನಿಮ್ಮ ಬಳಿಯೂ ಡ್ರೋನ್ ಇದ್ದರೆ, ಸ್ಮಾರಕಕ್ಕೆ ಒಯ್ಯುವ ಮೊದಲು ಲಿಖಿತ ಅನುಮತಿ ಕೇಳಿ. ಇಲ್ಲವೆಂದರೆ ಚೀಲ ಬಿಚ್ಚಬೇಡಿ. ಸಿಕ್ಕರೆ, ಮರಳುವ ಎತ್ತರವನ್ನು ಅಲ್ಲಿನ ಎಲ್ಲಕ್ಕಿಂತ ಎತ್ತರದ ಕಟ್ಟಡಕ್ಕೂ ಮೇಲೆ ಇಡಿ. ಕಣ್ಣಿಗೆ ಮರೆಯಾಗಲು ಬಿಡಬೇಡಿ. ಗೋಡೆಯ ಬುಡದಲ್ಲಿ ಯಾರು ಕೂತಿದ್ದಾರೆಂದು ನೋಡಿ. ಪ್ರತಿ ಸಲವೂ ಅವರು ನೀರಿಗೆಂದು ಎದ್ದು ಹೋಗಿರುವುದಿಲ್ಲ.